ಮುಳ್ಳು ತೆಗೆಯುವ ಬಾಲಕನೂ ಬಂದಳಿಕೆಯ ಜಕ್ಕಿಯಬ್ಬೆಯೂ

ರೋಮ್ ನಗರದ ಕ್ಯಾಪಿಟೋಲಿನ್ ಸಂಗ್ರಹಾಲಯದಲ್ಲಿ ಒಂದು ಪುಟ್ಟ ಕಂಚಿನ ವಿಗ್ರಹವಿದೆ. ಎತ್ತರ ಸುಮಾರು 73 ಸೆಂಟಿಮೀಟರು. ಬಂಡೆಯ ಮೇಲೆ ಕುಳಿತ ಬಾಲಕನೊಬ್ಬ ಎಡಗಾಲನ್ನು ಬಲತೊಡೆಯ ಮೇಲೇರಿಸಿ, ಅಂಗಾಲಿಗೆ ನೆಟ್ಟ ಮುಳ್ಳನ್ನು ಕೀಳುತ್ತಿದ್ದಾನೆ. ಅವನು ದೇವನಲ್ಲ, ವೀರನಲ್ಲ. ಯಾರೋ ತನ್ನನ್ನು ನೋಡುತ್ತಿದ್ದಾರೆಂಬ ಪರಿವೆಯೂ ಅವನಿಗಿಲ್ಲ. ತಲೆ ಬಾಗಿದ್ದರೂ ಕೂದಲು ಮುಂದಕ್ಕೆ ಜಾರಿಲ್ಲ. ಆದ್ದರಿಂದ ತಲೆಯ ಮಾದರಿಯನ್ನು ನೆಟ್ಟಗೆ ನಿಂತ ಬೇರೊಂದು ಪ್ರತಿಮೆಯಿಂದ ಪಡೆದಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ.

1471ರಲ್ಲಿ ಜಗದ್ಗುರು ಪೋಪ್ ನಾಲ್ಕನೆಯ ಸಿಕ್ಸ್ತುಸ್‌ರವರು ಲ್ಯಾಟರನ್ ಅರಮನೆಯ ಬಳಿಯಿದ್ದ ಕಂಚಿನ ಪ್ರತಿಮೆಗಳನ್ನು ರೋಮಿನ ಜನತೆಗೆ ಒಪ್ಪಿಸಿದಾಗ ಈ ಬಾಲಕನೂ ಅವುಗಳಲ್ಲಿ ಒಬ್ಬನಾಗಿದ್ದ. 1798ರಲ್ಲಿ ಫ್ರೆಂಚರು ಅವನನ್ನು ಪ್ಯಾರಿಸ್ಸಿಗೆ ಸಾಗಿಸಿದರು. ನೆಪೋಲಿಯನ್ನನ ಪತನಾನಂತರ ಅವನು ಮರಳಿ ಬಂದ. ರೋಮಿನ ಸೆನೆಟ್ಟಿಗೆ ಸುದ್ದಿ ಮುಟ್ಟಿಸುವವರೆಗೂ ಮುಳ್ಳಿನ ನೋವನ್ನು ಸಹಿಸಿದ ಕುರುಬರ ಹುಡುಗನೀತ ಎಂಬ ಕಥೆಯನ್ನು ಜನ ಕಟ್ಟಿದರು. ದೊಡ್ಡ ಕಾರಣವಿಲ್ಲದೆ ಸಾಮಾನ್ಯನೊಬ್ಬನನ್ನು ಕಂಚಿನಲ್ಲಿ ಎರಕ ಹೊಯ್ದಾರೆಂದು ನಂಬಲು ನಮಗೇಕೋ ಕಷ್ಟ!

ನಮ್ಮ ನಾಡಿನಲ್ಲಿ ಕಂಚು ಬಹುಪಾಲು ದೇವಮೂರ್ತಿಗಳಿಗೇ ಮೀಸಲಾಯಿತು. ಏಕಾಂತದ ಗಳಿಗೆಗಳನ್ನು ಕಾಪಾಡಿದ್ದು ಕಲ್ಲು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ದೇಗುಲದ ದರ್ಪಣಸುಂದರಿಯನ್ನು ನೀವೆಲ್ಲ ಬಲ್ಲಿರಿ. ಆದರೆ ಅವಳ ಆಭರಣಗಳ ವೈಭವದಲ್ಲಿ ಏಕಾಂತ ತುಸು ಮರೆಯಾಗುತ್ತದೆಂದು ನನಗನ್ನಿಸುತ್ತದೆ. ಆ ಬಾಲಕನ ಪಕ್ಕದಲ್ಲಿ ನಾನು ನಿಲ್ಲಿಸಬಯಸುವುದು ಶಿಲ್ಪವನ್ನಲ್ಲ, ಒಂದು ಶಾಸನವನ್ನು.

ಶಿಕಾರಿಪುರ ತಾಲ್ಲೂಕಿನ ಬಂದಳಿಕೆ ಒಮ್ಮೆ ನಾಗರಖಂಡ ಎಪ್ಪತ್ತರ ಮುಖ್ಯ ಪಟ್ಟಣ. ಹತ್ತನೆಯ ಶತಮಾನದ ಆದಿಭಾಗದಲ್ಲಿ, ರಾಷ್ಟ್ರಕೂಟರ ಆಳ್ವಿಕೆಯಲ್ಲಿ, ಅಲ್ಲಿಯ ನಾಳ್ಗಾವುಂಡ ಸತ್ತರಸ ನಾಗಾರ್ಜುನ ಮಡಿದನು. ಅವನ ಅಧಿಕಾರ ಪತ್ನಿ ಜಕ್ಕಿಯಬ್ಬೆಯ ಪಾಲಿಗೆ ಬಂತು. ಹೆಣ್ಣಾದರೂ ಆಡಳಿತದಲ್ಲಿ ಸಮರ್ಥೆಯೆಂದು ಶಾಸನ ಅವಳನ್ನು ಕೊಂಡಾಡುತ್ತದೆ. (ಆ ‘ಆದರೂ’ ಇನ್ನೂ ನಮ್ಮ ನಾಲಿಗೆ ಬಿಟ್ಟು ಹೋಗಿಲ್ಲ.) ಅಷ್ಟಕ್ಕೇ ನಿಲ್ಲದೆ ಕಲ್ಲು ಅವಳ ಮನೆಯೊಳಕ್ಕೂ ಇಣುಕುತ್ತದೆ: ಅವಳಿಗೆ ವ್ಯಾಧಿ ತಗಲಿತು, ಲೋಕದ ಭೋಗ ನಿಸ್ಸಾರವೆನಿಸಿತು, ಮಗಳನ್ನು ಬಳಿಗೆ ಕರೆದು ಹೊಣೆಯೊಪ್ಪಿಸಿದಳು, ಬಂದಳಿಕೆಯ ಬಸದಿಯಲ್ಲಿ ಜೈನವ್ರತ ಕೈಗೊಂಡು ದೇಹ ತ್ಯಜಿಸಿದಳು.

ಬಂದಳಿಕೆಗೆ ಹೋದವರು ಸೋಮೇಶ್ವರ ಗುಡಿಯ ಬಾಗಿಲ ಇಕ್ಕೆಲದ ಜಾಲಂಧ್ರಗಳಲ್ಲಿ ಕೆತ್ತಿರುವ ರಾಮಾಯಣ, ಮಹಾಭಾರತಗಳನ್ನು ನೋಡಿ ಮೈಮರೆಯುತ್ತಾರೆ, ಮರೆಯಬೇಕಾದ್ದೇ. ನೀವು ಹೋದಾಗ ಮಕ್ಕಳನ್ನು ಕರೆದುಕೊಂಡು ಬಸದಿಯ ಕಡೆಗೂ ನಾಲ್ಕು ಹೆಜ್ಜೆ ನಡೆಯಿರಿ. ಮಗಳನ್ನು ಬಳಿಗೆ ಕರೆದ ಆ ತಾಯಿಯ ಹೆಸರನ್ನು ಅವರಿಗೆ ಹೇಳಿರಿ.