ಛತ್ರಪತಿ ರಾಜಾರಾಮನೂ ತುಂಗಭದ್ರೆಯ ಸೀಮೆಯೂ

ಅರಸನಾಗಿ ಆಳುವುದಕ್ಕಿಂತ ಅರಸನ ಪರವಾಗಿ ಆಳುವುದು ಕಷ್ಟತರವಾದುದು. ತನ್ನದಲ್ಲದ ಸಿಂಹಾಸನವನ್ನು ತನ್ನದೆಂಬಷ್ಟು ಜಾಗರೂಕತೆಯಿಂದ ಕಾಯಬೇಕು. ಆದರೂ ಅದು ತನ್ನದಲ್ಲವೆಂಬುದನ್ನು ಮರೆಯಬಾರದು. ಶಾಂತಿಕಾಲದಲ್ಲಿಯೇ ದುಸ್ಸಾಧ್ಯವಾದ ಈ ವ್ರತವು, ರಾಜಧಾನಿಯು ಕೈಬಿಟ್ಟು, ಬೊಕ್ಕಸವು ಬರಿದಾಗಿ, ನಿಜವಾದ ಉತ್ತರಾಧಿಕಾರಿಯು ಶತ್ರುವಿನ ಪಾಳೆಯದಲ್ಲಿ ಸೆರೆಯಾಳಾಗಿರುವಾಗ ಎಷ್ಟು ಭಾರವಾದೀತೆಂಬುದನ್ನು ಊಹಿಸಬಹುದು. ಶಿವಾಜಿಯ ಕಿರಿಯ ಮಗನಾದ ರಾಜಾರಾಮನ ಪಾಲಿಗೆ ಬಂದುದು ಇಂಥ ಭಾರವೇ. ಅವನ ಚರಿತ್ರೆಯನ್ನು ಮಹಾರಾಷ್ಟ್ರದ ಗಿರಿದುರ್ಗಗಳಿಂದಲೋ ತಮಿಳುನಾಡಿನ ಜಿಂಜಿಯ ಕೋಟೆಯಿಂದಲೋ ನೋಡುವುದು ವಾಡಿಕೆ. ಆದರೆ ಅದರ ಎರಡು ಮುಖ್ಯ ಪ್ರಸಂಗಗಳು ನಡೆದುದು ಕನ್ನಡನಾಡಿನ ನಡುವೆ. ಮೊದಲನೆಯದು 1689ರಲ್ಲಿ, ಅವನು ಪ್ರಾಣವನ್ನು ಉಳಿಸಿಕೊಳ್ಳಲು ತುಂಗಭದ್ರೆಯನ್ನು ದಾಟಿದಾಗ; ಎರಡನೆಯದು 1695-96ರಲ್ಲಿ, ಅವನ ಸೇನಾಪತಿಯು ಮೊಗಲರ ಇಬ್ಬರು ಸರದಾರರನ್ನು ಇದೇ ಪ್ರಾಂತದಲ್ಲಿ ಎದುರಿಸಿ ನಿಂತಾಗ. ಹೊನ್ನಾಳಿ, ನ್ಯಾಮತಿ, ಚನ್ನಗಿರಿ, ಜಗಳೂರುಗಳ ಸೀಮೆಗೆ ಈ ಕಥೆಯು ಪರನಾಡಿನ ಕಥೆಯಲ್ಲ.

ರಾಜಾರಾಮನು 1670ನೆಯ ಫೆಬ್ರವರಿ 24ರಂದು ರಾಜಗಡದಲ್ಲಿ ಜನಿಸಿದನು. ತಾಯಿ ಸೋಯರಾಬಾಯಿ. 1680ರ ಏಪ್ರಿಲಿನಲ್ಲಿ ಶಿವಾಜಿಯು ಕಾಲವಾದಾಗ ಮಂತ್ರಿಗಳಲ್ಲಿ ಕೆಲವರು ಸೋಯರಾಬಾಯಿಯೊಡನೆ ಸೇರಿ ಹತ್ತು ವರ್ಷದ ಈ ಬಾಲಕನನ್ನೇ ಪಟ್ಟಕ್ಕೆ ಕುಳ್ಳಿರಿಸಿದರು. ಹಿರಿಯನಾದ ಸಂಭಾಜಿಯು ಸುಮ್ಮನಿರಲಿಲ್ಲ. ಸೈನ್ಯವನ್ನು ತನ್ನ ಕಡೆಗೆ ಒಲಿಸಿಕೊಂಡು ರಾಯಗಡವನ್ನು ವಶಪಡಿಸಿಕೊಂಡನು. ಮುಂದಿನ ಒಂಬತ್ತು ವರ್ಷ ರಾಜಾರಾಮನು ರಾಯಗಡದಲ್ಲಿ ಕಾವಲಿನಲ್ಲಿಯೇ ಬೆಳೆದನು. ಯುದ್ಧವನ್ನಾಗಲಿ ರಾಜ್ಯಭಾರವನ್ನಾಗಲಿ ಕಲಿಯುವ ಅವಕಾಶವು ಅವನಿಗೆ ದೊರೆಯಲಿಲ್ಲ.

1689ರ ಫೆಬ್ರವರಿಯ ಆರಂಭದಲ್ಲಿ ಸಂಭಾಜಿಯು ಸಂಗಮೇಶ್ವರದಲ್ಲಿ ಮೊಗಲರ ಕೈಗೆ ಸಿಕ್ಕಿದನು. ಮಾರ್ಚ್ ತಿಂಗಳಲ್ಲಿ ಔರಂಗಜೇಬನು ಅವನನ್ನು ಕ್ರೂರವಾಗಿ ಕೊಲ್ಲಿಸಿದನು. ಸಂಭಾಜಿಯ ಮಗ ಶಾಹುವಿಗೆ ಆಗ ಏಳು ವರ್ಷವೂ ತುಂಬಿರಲಿಲ್ಲ. ಈ ಸಂಕಟದಲ್ಲಿ ವಿಧವೆಯಾದ ಯೇಸುಬಾಯಿಯು ತೋರಿಸಿದ ಧೈರ್ಯವು ಸ್ಮರಣೀಯವಾದುದು. ತನ್ನ ಮಗನ ಹಕ್ಕನ್ನು ಹಿಡಿದು ಕೂರದೆ, ಹತ್ತೊಂಬತ್ತು ವರ್ಷದ ಮೈದುನನನ್ನು ಕಾವಲಿನಿಂದ ಬಿಡಿಸಿ ರಾಜ್ಯಭಾರವನ್ನು ಅವನಿಗೆ ಒಪ್ಪಿಸಲು ಅವಳೇ ಸಮ್ಮತಿಸಿದಳು. ಶಾಹುವಿನ ಪರವಾಗಿ ಆಳುವವನೆಂಬ ಭಾವದಿಂದ ರಾಜಾರಾಮನು ಸಿಂಹಾಸನವನ್ನೇರದೆ ಮಂಚಕಾರೋಹಣವನ್ನು ಮಾತ್ರ ಮಾಡಿಕೊಂಡನೆಂದು ಮರಾಠರ ಸಂಪ್ರದಾಯವು ಹೇಳುವುದು. ರಾಜವಂಶದವರೆಲ್ಲರೂ ಒಂದೇ ಕೋಟೆಯಲ್ಲಿದ್ದು ಒಟ್ಟಿಗೆ ಸೆರೆಯಾಗುವುದು ವಿವೇಕವಲ್ಲವೆಂದೂ, ರಾಜಾರಾಮನು ಹೊರಗೆ ಹೋಗಬೇಕೆಂದೂ, ತಾನು ಮಗನೊಡನೆ ರಾಯಗಡದಲ್ಲಿಯೇ ನಿಲ್ಲುವೆನೆಂದೂ ಅವಳು ಹೇಳಿದಳು. ಏಪ್ರಿಲ್ ತಿಂಗಳ ಆರಂಭದಲ್ಲಿ ರಾಜಾರಾಮನು ವೇಷ ಮರೆಸಿಕೊಂಡು ಪ್ರತಾಪಗಡಕ್ಕೆ ಹೋದನು, ಅಲ್ಲಿಂದ ಪನ್ಹಾಳೆಗೆ. ಮಳೆಗಾಲ ಕಳೆದ ಮೇಲೆ ರಾಯಗಡವು ಬಿದ್ದಿತು. ಯೇಸುಬಾಯಿಯೂ ಶಾಹುವೂ ಬಾದಶಹನ ಸೆರೆಯಾಳುಗಳಾದರು. ಆ ಅತ್ತಿಗೆಯನ್ನಾಗಲಿ ಬಾಲಕನನ್ನಾಗಲಿ ರಾಜಾರಾಮನು ಮತ್ತೆ ಕಾಣಲಿಲ್ಲ.

ಪನ್ಹಾಳೆಯೂ ಸುರಕ್ಷಿತವಾಗಿರಲಿಲ್ಲ. ಉಳಿದ ಮಾರ್ಗವೊಂದೇ: ಶಿವಾಜಿಯು 1677ರಲ್ಲಿ ಗೆದ್ದು ಬಲಪಡಿಸಿದ್ದ ಜಿಂಜಿಯನ್ನು ಸೇರುವುದು. ಅದು ನೂರಾರು ಮೈಲಿಗಳ ದಾರಿ. 1686ರಲ್ಲಿ ವಿಜಾಪುರವೂ 1687ರಲ್ಲಿ ಗೋಲಕೊಂಡೆಯೂ ಬಿದ್ದು, ನಡುವಣ ಬಯಲುಸೀಮೆಯೆಲ್ಲ ಮೊಗಲರ ಠಾಣೆಗಳಿಂದ ತುಂಬಿದ್ದಿತು. ಚನ್ನಗಿರಿಯ ಉತ್ತರಕ್ಕಿರುವ ಬಸವಾಪಟ್ಟಣವು ಮೊಗಲರ ಶಿರಾ ಸುಬೆಯ ಪರಗಣೆಗಳಲ್ಲೊಂದಾದುದು ಈ ಕಾಲದಲ್ಲಿಯೇ. 1689ರ ಸೆಪ್ಟೆಂಬರ್ ಕೊನೆಯಲ್ಲಿ ರಾಜಾರಾಮನು ಕೆಲವು ನಂಬಿಗಸ್ತರೊಡನೆ ಲಿಂಗವಂತ ಯಾತ್ರಿಕರ ವೇಷದಲ್ಲಿ ಹೊರಟನು. ಮರಾಠರ ಬಖರು ಹೇಳುವಂತೆ ಗೋಕಾಕ, ಸವದತ್ತಿ, ನವಲಗುಂದ, ಅಣ್ಣಿಗೇರಿ, ಲಕ್ಷ್ಮೇಶ್ವರ, ಹಾವೇರಿ, ಹಿರೇಕೆರೂರು, ಶಿವಮೊಗ್ಗೆ ಇವೇ ಆ ದಾರಿಯ ಊರುಗಳು. ಹಿರೇಕೆರೂರಿನಿಂದ ಶಿವಮೊಗ್ಗೆಗೆ ಇಳಿಯುವ ಈ ಹಾದಿಯ ಪೂರ್ವದ ಮಗ್ಗುಲಲ್ಲಿಯೇ ನ್ಯಾಮತಿ-ಹೊನ್ನಾಳಿಗಳ ಸೀಮೆಯಿದೆ. ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಒಂದಾಗಿ ಹೊನ್ನಾಳಿಯ ಕಡೆಗೆ ಹರಿಯುವ ಆ ಹೊಳೆಯೇ ಓಡುವವರಿಗೂ ಅಟ್ಟಿ ಬರುವವರಿಗೂ ನಡುವಣ ಗಡಿಯಾಯಿತು.

ಬಾದಶಹನಿಗೆ ಸುಳಿವು ಹತ್ತಿದ್ದಿತು. ಬಾರ್ಹಾದ ಸಯ್ಯದ್ ಅಬ್ದುಲ್ಲಾಖಾನನು ವಿಜಾಪುರದ ಕಡೆಯಿಂದ ಹಗಲಿರುಳೆನ್ನದೆ ಕುದುರೆಗಳನ್ನೋಡಿಸಿ, ಬಿದನೂರು ರಾಜ್ಯದ ಎಲ್ಲೆಯಲ್ಲಿ ತುಂಗಭದ್ರೆಯ ನಡುಗಡ್ಡೆಯೊಂದರಲ್ಲಿ ತಂಗಿದ್ದ ಮರಾಠರ ಮೇಲೆ ರಾತ್ರಿಯಲ್ಲಿ ಬಿದ್ದನು. ಹಲವು ಪ್ರಮುಖ ಸರದಾರರು ಸೆರೆಸಿಕ್ಕಿದರು. ರಾಜಾರಾಮನು ಮಾತ್ರ ಕತ್ತಲೆಯಲ್ಲಿ ನುಸುಳಿ ಹೋದನು. ಹೀಗೆ ಪಾರಾದವನು ಬದುಕಬೇಕಾಗಿದ್ದರೆ ಬಿದನೂರಿನ ಆಶ್ರಯವಿಲ್ಲದೆ ಗತಿಯಿರಲಿಲ್ಲ.

ಬಿದನೂರಿನಲ್ಲಿ ಆಗ ಆಳುತ್ತಿದ್ದವಳು ಕೆಳದಿಯ ಚೆನ್ನಮ್ಮಾಜಿ. ಅವಳ ಸ್ಥಿತಿಯೂ ಬಂದ ಅತಿಥಿಯ ಸ್ಥಿತಿಗೆ ಬಹಳ ದೂರವಾಗಿರಲಿಲ್ಲ. ಪತಿ ಸೋಮಶೇಖರ ನಾಯಕನು 1671ರಲ್ಲಿ ಕೊಲೆಗೀಡಾದ ಮೇಲೆ, ಒಳಗಣ ಕಲಹಕಾರರನ್ನೂ ಹೊರಗಣ ಶತ್ರುಗಳನ್ನೂ ಎದುರಿಸಿ ಅವಳು ರಾಜ್ಯವನ್ನು ನಿಲ್ಲಿಸಿಕೊಂಡಿದ್ದಳು. ಮಕ್ಕಳಿಲ್ಲದ ಅವಳು ಬಸವಪ್ಪನೆಂಬ ಬಾಲಕನನ್ನು ದತ್ತು ತೆಗೆದುಕೊಂಡು, ಅವನಿಗಾಗಿ ಆ ಸಿಂಹಾಸನವನ್ನು ಕಾದಳು. ಹೀಗೆ ಎದುರುಬದುರು ನಿಂತವರಿಬ್ಬರೂ ಮತ್ತೊಬ್ಬರಿಗಾಗಿ ರಾಜ್ಯವನ್ನು ಹೊತ್ತವರು. ರಾಜಾರಾಮನಿಗೆ ಆಶ್ರಯ ಕೊಟ್ಟರೆ ದಕ್ಷಿಣದ ಎರಡು ಸುಲ್ತಾನರಾಜ್ಯಗಳನ್ನು ನುಂಗಿದ್ದ ಬಾದಶಹನ ಕೋಪವು ಬಿದನೂರಿನ ಮೇಲೆ ತಿರುಗುವುದು ನಿಶ್ಚಯವಾಗಿದ್ದಿತು. ಕೊಡದಿದ್ದರೆ ಶರಣಾಗತನನ್ನು ಒಪ್ಪಿಸಿದ ಅಪಕೀರ್ತಿ. ಅದಲ್ಲದೆ ಮರಾಠರು ಅಳಿದುಹೋದರೆ ಮೊಗಲರನ್ನು ತಡೆಯುವವರೇ ಇಲ್ಲವಾಗುವ ಅಪಾಯ. ಆಶ್ರಿತರಕ್ಷಣೆಯು ಧರ್ಮವೂ ಹೌದು, ರಾಜನೀತಿಯೂ ಹೌದೆಂದು ಅವಳು ತಿಳಿದಿರಬೇಕು. ಮಂತ್ರಿಗಳೊಡನೆ ಆಲೋಚಿಸಿ, ಅಭಯವನ್ನಿತ್ತು, ತನ್ನ ರಾಜ್ಯದೊಳಗಿನಿಂದ ಸುರಕ್ಷಿತವಾಗಿ ಅವನನ್ನು ದಾಟಿಸಿದಳು.

ಬಾದಶಹನ ಸೈನ್ಯವು ಬಂದೇ ಬಂದಿತು. ಲಿಂಗಣ್ಣ ಕವಿಯ ಕೆಳದಿನೃಪವಿಜಯವು ಈ ಯುದ್ಧವನ್ನು ಚೆನ್ನಮ್ಮಾಜಿಯ ಸಂಪೂರ್ಣ ವಿಜಯವೆಂದು ವರ್ಣಿಸುವುದು. ಮೊಗಲರ ಬರಹಗಳನ್ನು ಆಧರಿಸಿದ ಚರಿತ್ರಕಾರರು, ಜಾನ್‌ನಿಸಾರಖಾನನೇ ಮೊದಲಾದವರು ದಂಡೆತ್ತಿ ಬಂದರೆಂದೂ, ಮರಾಠರ ಸಂತಾಜಿ ಘೋರ್ಪಡೆಯು ರಾಣಿಯ ನೆರವಿಗೆ ಬಂದನೆಂದೂ, ಕಡೆಗೆ ಅಲ್ಪವಾದ ದಂಡವನ್ನು ತೆಗೆದುಕೊಂಡು ಮೊಗಲರು ಹಿಂದಿರುಗಿದರೆಂದೂ ಹೇಳುವರು. ಕವಿಯ ಉತ್ಸಾಹವನ್ನೂ ಬಾದಶಹನ ಬರಹಗಾರರ ಅಭಿಮಾನವನ್ನೂ ಪಕ್ಕಕ್ಕಿರಿಸಿದರೆ ಉಳಿಯುವ ವಿಷಯಗಳು ಎರಡು: ರಾಜಾರಾಮನು ಮೊಗಲರ ಕೈಗೆ ಸಿಗಲಿಲ್ಲ, ವಿಜಾಪುರ, ಗೋಲಕೊಂಡೆಗಳಿಗಾದ ಗತಿಯು ಬಿದನೂರಿಗೆ ಬರಲಿಲ್ಲ. ಒಂದು ಚಿಕ್ಕ ರಾಜ್ಯಕ್ಕೆ ಇದಕ್ಕಿಂತ ಮಿಗಿಲಾದ ವಿಜಯವು ಬೇಕಾಗಿಲ್ಲ. ಹುಲಿಗೆರೆಯೆಂದಿದ್ದ ಊರು ಚನ್ನಗಿರಿಯಾದುದು ಈ ರಾಣಿಯ ಹೆಸರಿನಿಂದಲೇ ಎಂಬ ಪ್ರತೀತಿಯು ಈಗಲೂ ಉಂಟು.

ಮುಂದಣ ದಾರಿಯೂ ಸುಗಮವಾಗಿರಲಿಲ್ಲ. ಬೆಂಗಳೂರಿನಲ್ಲಿ ತಂಗಿದ್ದಾಗ ಸೇವಕರು ಒಬ್ಬ ಯಾತ್ರಿಕನ ಕಾಲನ್ನು ಅತಿಯಾದ ಗೌರವದಿಂದ ತೊಳೆಯುತ್ತಿದ್ದುದನ್ನು ಕಂಡು ಜನರಿಗೆ ಸಂಶಯ ಹುಟ್ಟಿತೆಂದು ಬಖರು ಹೇಳುವುದು. ಒಡನೆಯೇ ರಾಜಾರಾಮನನ್ನು ಬೇರೊಂದು ಮಾರ್ಗದಿಂದ ಕಳುಹಿಸಿ, ಖಂಡೋ ಬಲ್ಲಾಳನು ಕೆಲವರೊಡನೆ ಅಲ್ಲಿಯೇ ಉಳಿದನು. ಠಾಣೆಯ ಅಧಿಕಾರಿಯು ಅವರನ್ನು ಹಿಡಿಸಿ ಹೊಡೆಸಿದನು, ಹಿಂಸೆಪಡಿಸಿದನು. ತಾವು ಬರಿಯ ಯಾತ್ರಿಕರೆಂಬ ಮಾತನ್ನು ಅವರು ಬಿಡಲಿಲ್ಲ. ಕಡೆಗೆ ಬಿಡುಗಡೆ ಹೊಂದಿ ಒಡೆಯನನ್ನು ಕೂಡಿಕೊಂಡರು. ಈ ಖಂಡೋ ಬಲ್ಲಾಳನ ತಂದೆ ಬಾಳಾಜಿ ಆವಜಿಯನ್ನು 1681ರಲ್ಲಿ ಸಂಭಾಜಿಯೇ ಕೊಲ್ಲಿಸಿದ್ದನೆಂಬುದನ್ನು ನೆನೆದರೆ, ಆ ನಿಷ್ಠೆಯ ಬೆಲೆಯು ತಿಳಿಯುವುದು. ನವೆಂಬರ್ ಆರಂಭದ ವೇಳೆಗೆ ರಾಜಾರಾಮನು ಜಿಂಜಿಯನ್ನು ಸೇರಿದನು.

ಅಲ್ಲಿಂದ ಎಂಟು ವರ್ಷ ಅವನು ರಾಜ್ಯವಿಲ್ಲದ ರಾಜ್ಯವನ್ನು ಆಳಿದನು. 1690ರಿಂದ ಜುಲ್ಫಿಕಾರಖಾನನು ಜಿಂಜಿಯನ್ನು ಮುತ್ತಿದ್ದನು. ಸ್ವದೇಶದ ಆಡಳಿತವನ್ನು ರಾಮಚಂದ್ರಪಂತ ಅಮಾತ್ಯನಿಗೆ 'ಹುಕುಮತ್ ಪನಾಹ' ಎಂಬ ಬಿರುದಿನೊಡನೆ ವಹಿಸಲಾಗಿದ್ದಿತು. ಜಿಂಜಿಯಲ್ಲಿ ಪ್ರಹ್ಲಾದ ನಿರಾಜಿಯು ಆಲೋಚನೆ ಹೇಳುತ್ತಿದ್ದನು. ಸಂತಾಜಿ ಘೋರ್ಪಡೆ, ಧನಾಜಿ ಜಾಧವರು ಬಯಲಿನಲ್ಲಿ ಯುದ್ಧ ಮಾಡುತ್ತಿದ್ದರು. ಬೊಕ್ಕಸದಲ್ಲಿ ಹಣವಿಲ್ಲದ್ದರಿಂದ ಸರದಾರರಿಗೆ ಇನ್ನೂ ಗೆಲ್ಲಬೇಕಾದ ಭೂಮಿಯನ್ನೇ ಉಂಬಳಿಯಾಗಿ ಕೊಡಬೇಕಾಯಿತು. 1691ರ ಒಂದು ಸನದಿನಲ್ಲಿ ರಾಯಗಡ, ವಿಜಾಪುರ, ಭಾಗಾನಗರ, ಔರಂಗಾಬಾದ್, ಕಡೆಗೆ ದಿಲ್ಲಿಯನ್ನು ಗೆದ್ದ ಹಾಗೆಲ್ಲ ಇಷ್ಟಿಷ್ಟು ಕೊಡುವೆವೆಂದು ಘೋರ್ಪಡೆ ಮನೆತನದ ಸರದಾರನೊಬ್ಬನಿಗೆ ವಾಗ್ದಾನವಿದೆ. ತಲೆಯ ಮೇಲೆ ಸ್ವಂತ ಸೂರಿಲ್ಲದ ಅರಸನು ದಿಲ್ಲಿಯನ್ನು ಹಂಚುತ್ತಿದ್ದುದು ನಗೆಗೆ ಎಡೆಯಾಗಬಹುದು. ಆದರೆ ಆ ಕಾಗದವೇ ಅನೇಕರ ಕೈಯಲ್ಲಿ ಕತ್ತಿ ಹಿಡಿಸಿತು. ಅದರ ದೋಷವೂ ನಿಜವೇ: ಶಿವಾಜಿಯು ಬೇಡವೆಂದು ದೂರವಿಟ್ಟಿದ್ದ ಉಂಬಳಿಯ ಪದ್ಧತಿಯು ಹೀಗೆ ಮರಳಿ ಬೇರೂರಿ, ಮುಂದೆ ಮರಾಠರ ಏಕತೆಯನ್ನು ಸಡಿಲಿಸಿತು.

ಈ ಯುದ್ಧದ ದೊಡ್ಡ ಅಲೆಯೊಂದು 1695ರ ಕೊನೆಯಲ್ಲಿ ಮತ್ತೆ ಈ ಸೀಮೆಗೆ ಬಡಿಯಿತು. ಸಂತಾಜಿಯನ್ನು ಅಡ್ಡಗಟ್ಟಲು ಶಿರಾದ ಸರದಾರ ಕಾಸಿಂಖಾನನೂ, ಅವನಿಗೆ ನೆರವಾಗಿ ಬಾದಶಹನು ಕಳುಹಿದ ಖಾನಾಜಾದಖಾನನೂ ಹೊರಟರು. ಬಂದ ಶ್ರೀಮಂತರನ್ನು ಸತ್ಕರಿಸಲು ಕಾಸಿಂಖಾನನು ಬೆಲೆಬಾಳುವ ಡೇರೆಗಳನ್ನೂ ಪಾತ್ರೆಗಳನ್ನೂ ಮುಂದಾಗಿ ಸಾಗಿಸಿದ್ದನು. ಸಂತಾಜಿಯು ಮೊದಲು ಅವುಗಳ ಮೇಲೆಯೇ ಬಿದ್ದು ಸುಲಿದು ಸುಟ್ಟನು. ಚಿತ್ರದುರ್ಗದ ಭರಮಣ್ಣ ನಾಯಕನು ಮರಾಠರ ಪಕ್ಷವನ್ನು ವಹಿಸಿದನು. ಕೋವಿ ಹಿಡಿದ ಕನ್ನಡ ಕಾಲಾಳುಗಳು ಆ ಸೈನ್ಯದ ಬಲವಾದರು. ಹಿಮ್ಮೆಟ್ಟಿದ ಮೊಗಲರು ಚಳ್ಳಕೆರೆಯ ಬಳಿಯ ದೊಡ್ಡೇರಿಯ ಚಿಕ್ಕ ಕೋಟೆಯಲ್ಲಿ ಸಿಕ್ಕಿಬಿದ್ದರು. ಅನ್ನವಿಲ್ಲ, ಮೇವಿಲ್ಲ, ಅಫೀಮಿಗೆ ಒಗ್ಗಿದ್ದ ಕಾಸಿಂಖಾನನು ಅದೂ ಸಿಗದೆ ಅಲ್ಲಿಯೇ ಸತ್ತನು. ಖಾನಾಜಾದಖಾನನು 20 ಲಕ್ಷ ರೂಪಾಯಿಗಳ ಬಿಡುಗಡೆಯ ಹಣಕ್ಕೆ ಒಪ್ಪಿ, ಆನೆ ಕುದುರೆಗಳನ್ನೆಲ್ಲ ಒಪ್ಪಿಸಿ ಹೊರಬಂದನು. ಹೊರಬಂದ ಹಸಿದವರಿಗೆ ಮರಾಠರು ರೊಟ್ಟಿಯನ್ನೂ ನೀರನ್ನೂ ಕೊಟ್ಟರೆಂಬುದು ಗಮನಾರ್ಹವಾಗಿದೆ.

ದೊಡ್ಡೇರಿಯಿಂದ ಪಶ್ಚಿಮಕ್ಕೆ ಹೊರಟರೆ ಬಲಗಡೆಗೆ, ಉತ್ತರದಲ್ಲಿ, ಜಗಳೂರಿನ ಕಪ್ಪು-ಕೆಂಪು ಬಯಲು, ನಡುವೆ ಚಿತ್ರದುರ್ಗದ ಕಲ್ಲುಬೆಟ್ಟಗಳು, ಮುಂದೆ ಬಸವಾಪಟ್ಟಣ. ಅಲ್ಲಿ ಹಿಮ್ಮತಖಾನನು ಸ್ವಲ್ಪ ಸೈನ್ಯದೊಡನೆ ತಂಗಿದ್ದನು. 1696ರ ಜನವರಿಯಲ್ಲಿ ಸಂತಾಜಿಯು ಸುಮಾರು ಹತ್ತು ಸಾವಿರ ಸವಾರರೊಡನೆಯೂ ಬಹುಸಂಖ್ಯೆಯ ಕಾಲಾಳುಗಳೊಡನೆಯೂ ಎದುರು ಬಂದನು. ಕನ್ನಡ ಕೋವಿಕಾರರು ಗುಡ್ಡವೊಂದನ್ನು ಹಿಡಿದಿದ್ದರು. ಹಿಮ್ಮತಖಾನನು ಶೌರ್ಯದಿಂದ ಅವರನ್ನು ಅಲ್ಲಿಂದ ಕದಲಿಸಿ, ಆನೆಯನ್ನು ಸಂತಾಜಿಯತ್ತ ನಡಸುತ್ತಿದ್ದಾಗ ಹಣೆಗೆ ಗುಂಡು ತಗುಲಿ ಉರುಳಿದನು. ಸುಮಾರು ಆರು ವರ್ಷದ ಹಿಂದೆ ಯಾತ್ರಿಕನ ವೇಷದಲ್ಲಿ ಅಡಗಿ ಹೋಗಿದ್ದವನ ಹೆಸರಿನಲ್ಲಿ ಈಗ ಈ ನಾಡಿನಲ್ಲಿ ಬಾದಶಹನ ಸರದಾರರೇ ಸೋಲುತ್ತಿದ್ದರು. ಈ ಸೈನ್ಯಗಳು ಹಾದ ಹಾದಿಯಲ್ಲಿದ್ದ ರೈತನಿಗೆ ಮಾತ್ರ ಯಾವ ಪಕ್ಷದ ಕುದುರೆಯಾದರೂ ಜೋಳದ ಹೊಲವನ್ನು ಮೇಯುವುದು ಒಂದೇ ರೀತಿಯಲ್ಲಿ. ಗೆಲವಿನ ಲೆಕ್ಕವನ್ನು ಹೇಳುವಾಗ ಇದನ್ನು ಮರೆಯಲಾಗದು.

ರಾಜಾರಾಮನು ಗೆದ್ದ ಸೇನಾಪತಿಯನ್ನು ಉಳಿಸಿಕೊಳ್ಳಲಿಲ್ಲ. ಸಂತಾಜಿಗೂ ಧನಾಜಿಗೂ ನಡುವೆ ಬೆಳೆದ ವೈರವನ್ನು ಶಮನಗೊಳಿಸುವ ಸಾಮರ್ಥ್ಯವು ಅವನಲ್ಲಿರಲಿಲ್ಲ. ಉದ್ಧತನಾದ ಸಂತಾಜಿಯು ಪದವಿಯಿಂದ ತೆಗೆಯಲ್ಪಟ್ಟು, ತನ್ನವರಿಂದಲೇ ಬೆನ್ನಟ್ಟಲ್ಪಟ್ಟು, ಕೊಲೆಯಾದನು. 1698ರ ಆರಂಭದಲ್ಲಿ ಜಿಂಜಿಯು ಬಿದ್ದಿತು. ಅದಕ್ಕೆ ಮುಂಚೆಯೇ ರಾಜಾರಾಮನು ತಪ್ಪಿಸಿಕೊಂಡು ಸ್ವದೇಶವನ್ನು ಸೇರಿದ್ದನು. 1700ರ ಮಾರ್ಚಿಯಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಸಿಂಹಗಡದಲ್ಲಿ ತೀರಿಕೊಂಡನು.

ಅವನು ಮಹಾವೀರನಲ್ಲ, ಮಹಾನೀತಿಜ್ಞನೂ ಅಲ್ಲ. ಅವನ ಹೆಚ್ಚುಗಾರಿಕೆಯು ಸಿಕ್ಕದೆ ಉಳಿದುದರಲ್ಲಿ ಇದೆ. ಅವನು ಹೊರಗಿರುವವರೆಗೆ ಬಾದಶಹನ ಜಯವು ಪೂರ್ಣವಾಗಲಿಲ್ಲ. ಆದರೆ ಅವನು ಹೊತ್ತ ನ್ಯಾಸವು ಅವನೊಡನೆ ಮುಗಿಯಲಿಲ್ಲ. ಪತ್ನಿ ತಾರಾಬಾಯಿಯು ನಾಲ್ಕು ವರ್ಷದ ತನ್ನ ಮಗನನ್ನು ಪಟ್ಟಕ್ಕೆ ಕುಳ್ಳಿರಿಸಿ, ಏಳು ವರ್ಷ ಅಸಾಧಾರಣ ಧೈರ್ಯದಿಂದ ಮೊಗಲರೊಡನೆ ಹೋರಾಡಿದಳು. 1707ರಲ್ಲಿ ಔರಂಗಜೇಬನು ಸತ್ತು ಶಾಹುವು ಬಿಡುಗಡೆಯಾಗಿ ಬಂದಾಗ, ಯಾರ ಹೆಸರಿನಲ್ಲಿ ರಾಜ್ಯವನ್ನು ಕಾಯಲಾಗಿದ್ದಿತೋ ಅವನಿಗೆ ಅದನ್ನು ಒಪ್ಪಿಸಲು ಅವಳು ಒಪ್ಪಲಿಲ್ಲ. ಸಾತಾರೆ, ಕೊಲ್ಲಾಪುರವೆಂದು ಮನೆಯು ಎರಡಾಯಿತು. 1731ರ ವಾರಣಾ ಒಪ್ಪಂದವು ಆ ಒಡಕನ್ನು ಕಾಯಂಗೊಳಿಸಿತು.

ಇತ್ತ ಬಿದನೂರಿನಲ್ಲಿ ಚೆನ್ನಮ್ಮಾಜಿಯು ಸುಮಾರು ಇಪ್ಪತ್ತೈದು ವರ್ಷ ಕಾದ ರಾಜ್ಯವು 1697ರಲ್ಲಿ, ಕಾಯಲ್ಪಟ್ಟವನಿಗೇ ಸಂದಿತು. ಅವಳು ಸಾಕಿದ ಬಸವಪ್ಪ ನಾಯಕನು ಕತ್ತಿಯೊಡನೆ ಲೇಖನಿಯನ್ನೂ ಹಿಡಿದು ಶಿವತತ್ತ್ವರತ್ನಾಕರವೆಂಬ ಸಂಸ್ಕೃತ ಮಹಾಗ್ರಂಥವನ್ನು ರಚಿಸಿದನು. ಮರಾಠರ ಪ್ರತಾಪದೆದುರಿಗೆ ಕೆಳದಿಯ ರಾಜ್ಯವು ಚಿಕ್ಕದು. ಆದರೂ 1689ರ ಆ ಇಕ್ಕಟ್ಟಿನ ದಿನಗಳಲ್ಲಿ ದೊಡ್ಡ ರಾಜ್ಯದ ಪಾಲಕನಿಗೆ ದಾರಿ ದೊರೆತುದು ಈ ಚಿಕ್ಕ ರಾಜ್ಯದ ಪಾಲಕಿಯ ಮಾತಿನಿಂದ. ಚನ್ನಗಿರಿಯ ಬೆಟ್ಟವನ್ನು ಕಂಡವರು, ಹೊನ್ನಾಳಿಯಲ್ಲಿ ಹೊಳೆಯನ್ನು ದಾಟುವವರು, ಆ ಮಾತನ್ನು ನೆನೆಯುವುದು ಉಚಿತವಾಗಿದೆ.