ತಿಕ್ವಾ: ಹುರಿಯೋ, ನಿರೀಕ್ಷೆಯೋ

ಹೀಬ್ರೂ ಬೈಬಲ್ಲಿನ ಯೆಹೋಶುವನ ಗ್ರಂಥದಲ್ಲಿ ‘ತಿಕ್ವಾ’ ಎಂದರೆ ಬರೀ ಹುರಿ. ಯೆರಿಕೋ ಪಟ್ಟಣದ ವೇಶ್ಯೆ ರಾಹಾಬಳು ಇಸ್ರೇಲಿನ ಇಬ್ಬರು ಗೂಢಚಾರರನ್ನು ಕಿಟಕಿಯಿಂದ ಇಳಿಬಿಟ್ಟು ಪಾರುಮಾಡುತ್ತಾಳೆ. ಊರು ಬೀಳುವ ದಿನ ಅವಳ ಮನೆಯವರು ಉಳಿಯಲೆಂದು ಅದೇ ಕಿಟಕಿಗೆ ಗುರುತಾಗಿ ಕಟ್ಟಿದ ಕೆಂಪು ನೂಲಿನ ಹುರಿಗೆ ಈ ಹೆಸರು. ರೂತಳ ಕಥೆಗೆ ಬಂದರೆ ಇದೇ ತಿಕ್ವಾಗೆ ‘ನಿರೀಕ್ಷೆ’ ಎನ್ನುವ ಅರ್ಥ. ಎರಡೂ ಒಂದೇ ಧಾತುವಿನಿಂದ ಹುಟ್ಟಿದವು ಎನ್ನುವ ಪಂಡಿತರಿದ್ದಾರೆ, ಅಲ್ಲ ಎನ್ನುವವರೂ ಇದ್ದಾರೆ. ಕವಿಗಳು ಈ ಜಗಳಕ್ಕೆ ಕಾಯಲಿಲ್ಲ. ತನ್ನ ದಿನಗಳು ಮಗ್ಗದ ಲಾಳಿಗಿಂತ ಬೇಗ ಓಡಿ ತಿಕ್ವಾ ಇಲ್ಲದೆ ಮುಗಿಯುತ್ತಿವೆ ಎಂದು ಯೋಬ ಗೋಳಾಡುವಾಗ, ತೀರಿದ್ದು ನೂಲೋ ನಿರೀಕ್ಷೆಯೋ ಎಂದು ಬೇರ್ಪಡಿಸಿ ಹೇಳುವುದು ಕಷ್ಟ.

ಪ್ರವಾದಿಗಳಂತೂ ಈ ಪದವನ್ನು ಸುಖದ ಜಾಗದಲ್ಲಿ ಇಟ್ಟವರೇ ಅಲ್ಲ. ಕ್ರಿ.ಪೂ. 8ನೇ ಶತಮಾನದ ಹೋಶೇಯ ಅದನ್ನು ಆಕೋರ್ ಕಣಿವೆಗೆ ಒಯ್ದ. ಆಕೋರ್ ಎಂದರೆ ಆಪತ್ತು. ಯೆರಿಕೋವಿನ ಕೊಳ್ಳೆಯಲ್ಲಿ ಕದ್ದುಮುಚ್ಚಿಟ್ಟ ಆಕಾನನನ್ನು ಜನ ಕಲ್ಲೆಸೆದು ಕೊಂದದ್ದು ಅಲ್ಲಿಯೇ. ದೇವರು ಮುನಿಸು ಮರೆತು ಇಸ್ರೇಲನ್ನು ಮತ್ತೆ ಕರೆದುಕೊಂಡಾಗ ಆ ಕಣಿವೆಯೇ ‘ಪೆತಾಹ್ ತಿಕ್ವಾ’, ಅಂದರೆ ನಿರೀಕ್ಷೆಯ ಬಾಗಿಲು, ಆಗುತ್ತದೆ ಎನ್ನುತ್ತಾನೆ ಹೋಶೇಯ. ಅವನು ಹೇಳಿದ್ದು ಭೂಗೋಳವಲ್ಲ. ನಾಡಿಗೆ ಕಾಲಿಟ್ಟ ಹೊಸತರಲ್ಲೇ ಜನ ಎಡವಿದ ಜಾಗದಿಂದಲೇ ಎರಡನೆಯ ಪ್ರವೇಶ ಎಂಬುದು ಆ ರೂಪಕದ ಹುರುಳು.

ಯೆಹೆಜ್ಕೇಲನದು ಇನ್ನೂ ಗಟ್ಟಿ ಗುಂಡಿಗೆ. ಕ್ರಿ.ಪೂ. 597ರಲ್ಲಿ ಬಾಬಿಲೋನಿಗೆ ಸೆರೆಹೋದವರ ನಡುವೆ ಇದ್ದ ಯಾಜಕ ಅವನು. 586ರಲ್ಲಿ ಯೆರೂಸಲೇಮೂ ದೇವಾಲಯವೂ ನೆಲಸಮವಾದವು. ಎಲುಬು ಒಣಗಿದವು, ತಿಕ್ವಾ ಹೋಯಿತು, ನಾವು ಕಡಿದುಹೋದೆವು ಎಂಬುದು ಸೆರೆಯವರ ಬಾಯಲ್ಲಿದ್ದ ಗೋಳು. ಹುರಿಯ ಅರ್ಥ ಕಿವಿಯಲ್ಲಿದ್ದವರಿಗೆ ಆ ‘ಕಡಿದುಹೋದೆವು’ ಇನ್ನಷ್ಟು ಚುಚ್ಚುತ್ತದೆ. ಪ್ರವಾದಿ ಮಾಡಿದ ಚಮತ್ಕಾರವೆಂದರೆ, ಜನರ ಮಾತನ್ನು ಅಕ್ಷರಶಃ ಹಿಡಿದು ಒಂದು ಬಯಲನ್ನೇ ಎಲುಬಿನಿಂದ ತುಂಬಿಸಿದ್ದು. ಎಲುಬಿಗೆ ಎಲುಬು ಕೂಡುತ್ತದೆ, ನರ ಮಾಂಸ ಚರ್ಮ ಹಬ್ಬುತ್ತದೆ, ಕಡೆಗೆ ಉಸಿರು ಬರುತ್ತದೆ. ಈ ಎಲುಬುಗಳು ಯಾರೆಂದು ಪಠ್ಯವೇ ಬಿಡಿಸಿ ಹೇಳುತ್ತದೆ: ಇಸ್ರೇಲಿನ ಇಡೀ ಮನೆತನ. ಸತ್ತವರು ಏಳುವ ಸಿದ್ಧಾಂತವನ್ನು ಇಲ್ಲಿ ಓದಿಕೊಂಡದ್ದು ಆಮೇಲಿನವರು.

ಆ ಆಮೇಲಿನವರಲ್ಲೂ ಒಮ್ಮತವಿರಲಿಲ್ಲ. ಅದು ನಿಜಕ್ಕೂ ಒಂದು ದೃಷ್ಟಾಂತ ಎಂದ ರಬ್ಬಿ ಯೆಹೂದನ ಮಾತು ಯಹೂದಿ ಪಂಡಿತರ ಧರ್ಮಚರ್ಚೆಗಳ ಸಂಗ್ರಹವಾದ ತಾಲ್ಮೂದಿನಲ್ಲಿದೆ. ಎದ್ದ ಸತ್ತವರು ಇಸ್ರೇಲ್ ನಾಡಿಗೆ ಹೋಗಿ ಮದುವೆಯಾಗಿ ಮಕ್ಕಳನ್ನೂ ಹಡೆದರು ಎಂದು ಇನ್ನೊಬ್ಬ. ಅಷ್ಟರಲ್ಲಿ ರಬ್ಬಿ ಯೆಹೂದ ಬೆನ್ ಬತೇರಾ ಎದ್ದು ನಿಂತು, ತಾನು ಆ ವಂಶದವನೇ, ಪ್ರಾರ್ಥನೆಯಲ್ಲಿ ಕಟ್ಟಿಕೊಳ್ಳುವ ಈ ತೆಫಿಲಿನ್ ಅಜ್ಜ ಬಿಟ್ಟುಹೋದದ್ದು ಎಂದನಂತೆ! ರೂಪಕಕ್ಕೆ ಮೊಮ್ಮಗನೇ ಸಾಕ್ಷಿ ನುಡಿಯಲು ಬಂದರೆ ವಾದ ಮುಂದುವರಿಸುವುದು ಹೇಗೆ?

ಇನ್ನೊಬ್ಬ ಪ್ರವಾದಿ ಜೆಕರ್ಯ ನೀರಿಲ್ಲದ ಬಾವಿಯಲ್ಲಿ ಬಿದ್ದವರನ್ನು ‘ತಿಕ್ವಾದ ಸೆರೆಯಾಳುಗಳು’ ಎಂದು ಕರೆದ. ನಮ್ಮ ‘ಆಶಾಪಾಶ’ದಲ್ಲೂ ಹಗ್ಗವಿದೆ, ಆದರೆ ಅದು ಕಟ್ಟಿಹಾಕುವ ಹಗ್ಗ, ಬಿಡಿಸಿಕೊಳ್ಳಬೇಕಾದದ್ದು. ಜೆಕರ್ಯನ ಹಗ್ಗ ಕಟ್ಟುತ್ತದೋ ಮೇಲೆತ್ತುತ್ತದೋ ಎಂಬುದನ್ನು ಅವನು ಹೇಳಿಲ್ಲ.

19ನೇ ಶತಮಾನದಲ್ಲಿ ಈ ಚಿತ್ರಗಳಿಗೆ ಅಂಚೆ ವಿಳಾಸ ಸಿಕ್ಕಿತು. ಯೆರೂಸಲೇಮಿನ ಕೆಲವು ಸಂಪ್ರದಾಯಸ್ಥ ಯಹೂದಿಗಳು ಯೆರಿಕೋ ಬಳಿ ಜಮೀನು ಕೊಂಡು, ಹೋಶೇಯನ ಕಣಿವೆ ಅದೇ ಎಂದು, ಹಳ್ಳಿಗೆ ಪೆತಾಹ್ ತಿಕ್ವಾ ಎಂದು ಹೆಸರಿಡಲು ಹೊರಟರು. ಆಟೊಮನ್ ಸುಲ್ತಾನನ ಆಡಳಿತ ಒಪ್ಪಲಿಲ್ಲ. 1878ರಲ್ಲಿ ಕರಾವಳಿ ಬಯಲಿನ ಜವುಗು ನೆಲದಲ್ಲಿ ಜಾಗ ಸಿಕ್ಕಿತು. ಹೆಸರು ಮಾತ್ರ ಹಳೆಯದೇ ಉಳಿಯಿತು. ಮಲೇರಿಯಾಕ್ಕೆ ಹೆದರಿ ಒಮ್ಮೆ ಬಿಟ್ಟೋಡಿ, ಕೆಲವು ವರ್ಷಗಳ ನಂತರ ಮರಳಿ ನೆಲೆಸಿದ ಆ ಊರು ಈಗ ಟೆಲ್ ಅವೀವ್ ಪಕ್ಕದ ದೊಡ್ಡ ನಗರ. ಕಣಿವೆ ತಪ್ಪಿತು, ಆಪತ್ತು ತಪ್ಪಲಿಲ್ಲ. ಹೋಶೇಯ ಇದನ್ನು ತಪ್ಪೆಂದು ಎಣಿಸುತ್ತಿರಲಿಲ್ಲವೇನೋ.

ಸುಮಾರು ಅದೇ ಹೊತ್ತಿಗೆ ಗಲೀಸಿಯಾದ ಕವಿ ನಫ್ತಾಲಿ ಹರ್ಟ್ಸ್ ಇಂಬರ್ ‘ತಿಕ್ವತೇನು’, ನಮ್ಮ ನಿರೀಕ್ಷೆ, ಎಂಬ ಪದ್ಯ ಬರೆದ. ಬಾಬಿಲೋನಿನ ಸೆರೆಯವರು ಹೋಯಿತೆಂದದ್ದನ್ನು ಅವನು ಇನ್ನೂ ಹೋಗಿಲ್ಲ ಎಂದು ತಿರುಗಿಸಿದ. ಅದೇ ‘ಹಾತಿಕ್ವಾ’ ಆಗಿ, 1948ರಿಂದ ರೂಢಿಯಲ್ಲಿದ್ದು, 2004ರಲ್ಲಿ ಕಾನೂನಿನ ಮೂಲಕ ಇಸ್ರೇಲಿನ ರಾಷ್ಟ್ರಗೀತೆಯಾಯಿತು.

ಹಾಡಿನಲ್ಲಿ ಮಿಡಿಯುವುದು ಯಹೂದಿ ಮನಸ್ಸು. ದೇಶದ ಪ್ರಜೆಗಳಲ್ಲಿ ಐದರಲ್ಲೊಬ್ಬರು ಅರಬ್ಬರು. 2012ರಲ್ಲಿ ಸುಪ್ರೀಂ ಕೋರ್ಟಿನ ಸಮಾರಂಭವೊಂದರಲ್ಲಿ ಅರಬ್ ನ್ಯಾಯಮೂರ್ತಿ ಸಲೀಮ್ ಜುಬ್ರಾನ್ ಎಲ್ಲರೊಡನೆ ಎದ್ದು ನಿಂತರು, ಹಾಡಲಿಲ್ಲ. ಅವರನ್ನು ಹುದ್ದೆಯಿಂದ ಇಳಿಸಬೇಕೆಂಬ ಕೂಗೂ ಎದ್ದಿತು, ನಿಂತು ಗೌರವ ತೋರಿದ ಮೇಲೆ ಹಾಡಲೇಬೇಕೆನ್ನುವುದು ಅತಿಯಾಯಿತು ಎಂದವರೂ ಇದ್ದರು. ಯೆಹೆಜ್ಕೇಲನಿಗೆ ‘ನಮ್ಮ’ ಎಂದರೆ ಯಾರೆಂದು ಕೇಳುವ ಪ್ರಮೇಯವೇ ಬಂದಿರಲಿಲ್ಲ.