ಮೈಲೇಜ್ ಹೆಚ್ಚಿಸುವ ಸಾಧನಗಳು: ನಿಜಕ್ಕೂ ಇಂಧನ ಉಳಿಯುತ್ತದೆಯೇ?

ಪೆಟ್ರೋಲ್ ಬೆಲೆ ಲೀಟರಿಗೆ ನೂರು ರೂಪಾಯಿಯ ಆಸುಪಾಸು ತಲುಪಿದ ಮೇಲೆ ‘ನಿಮ್ಮ ಗಾಡಿಯ ಮೈಲೇಜ್ ಶೇ 30ರಷ್ಟು ಹೆಚ್ಚಿಸಿಕೊಳ್ಳಿ’ ಎನ್ನುವ ಜಾಹೀರಾತುಗಳಿಗೆ ಬರವಿಲ್ಲ. ಪೆಟ್ರೋಲ್ ಪೈಪಿಗೆ ಕಟ್ಟುವ ಆಯಸ್ಕಾಂತ, ಕಾರಿನ ಸಾಕೆಟ್‌ಗೆ ಸಿಕ್ಕಿಸುವ ಪುಟ್ಟ ಡಬ್ಬಿ, ಟ್ಯಾಂಕಿಗೆ ಹಾಕುವ ಮಾತ್ರೆ, ನೀರಿನಿಂದ ಹೈಡ್ರೋಜನ್ ತಯಾರಿಸುವ ಕಿಟ್ ಹೀಗೆ ನೂರೆಂಟು ಬಗೆ. ಬೆಲೆ ಕೆಲವು ನೂರು ರೂಪಾಯಿಯಿಂದ ಹಲವು ಸಾವಿರದವರೆಗೆ. ದಿನವಿಡೀ ಗಾಡಿ ಓಡಿಸಿ ಬದುಕುವ ಆಟೋ ಚಾಲಕರಿಗೆ, ಮನೆಮನೆಗೆ ಊಟ ತಲುಪಿಸುವ ಹುಡುಗರಿಗೆ ಇಂತಹ ಮಾತು ಆಸೆ ಹುಟ್ಟಿಸುವುದು ಸಹಜ. ಇವು ನಿಜಕ್ಕೂ ಕೆಲಸ ಮಾಡುತ್ತವೆಯೇ?

ಚುಟುಕಾಗಿ ಹೇಳುವುದಾದರೆ, ಇಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ (ಇಪಿಎ) 1970ರ ದಶಕದಿಂದೀಚೆಗೆ ಇಂತಹ ನೂರಕ್ಕೂ ಹೆಚ್ಚು ಸಾಧನಗಳನ್ನು ಪರಿಶೀಲಿಸಿದೆ. ಬೆರಳೆಣಿಕೆಯಷ್ಟು ಸಾಧನಗಳು ಮಾತ್ರ ಅತ್ಯಲ್ಪ ಉಳಿತಾಯ ತೋರಿಸಿದವು. ಬಹುಪಾಲು ಸಾಧನಗಳಿಂದ ಏನೂ ಪ್ರಯೋಜನವಾಗಲಿಲ್ಲ. ಕೆಲವಂತೂ ಹೊಗೆಯ ಮಾಲಿನ್ಯವನ್ನೇ ಹೆಚ್ಚಿಸಿದವು. ಹೀಗೇಕೆ ಎಂದು ತಿಳಿಯಲು, ನಾವು ಹಾಕಿಸುವ ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ ಎನ್ನುವುದನ್ನು ಮೊದಲು ನೋಡೋಣ.

ಪೆಟ್ರೋಲ್ ಎಲ್ಲಿಗೆ ಹೋಗುತ್ತದೆ?

‘ನಿಮ್ಮ ಎಂಜಿನ್‌ನಲ್ಲಿ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ನಮ್ಮ ಸಾಧನ ಅದನ್ನು ಪೂರ್ತಿ ಉರಿಸುತ್ತದೆ’ ಎನ್ನುವುದು ಬಹುತೇಕ ಜಾಹೀರಾತುಗಳ ಮೂಲಮಂತ್ರ. ವಾಸ್ತವದಲ್ಲಿ, ಸುಸ್ಥಿತಿಯಲ್ಲಿರುವ ಇಂದಿನ ಎಂಜಿನ್‌ನಲ್ಲಿ ಶೇ 97ಕ್ಕಿಂತ ಹೆಚ್ಚು ಇಂಧನ ಉರಿದೇ ಹೋಗುತ್ತದೆ. ಮಿಕ್ಕ ಎರಡು ಮೂರು ಪಾಲನ್ನೂ ಯಾವುದೋ ಮಾಯೆಯಿಂದ ಉರಿಸಿದರೂ ಸಿಗುವ ಲಾಭ ಅಷ್ಟರೊಳಗೇ ಇರಬೇಕು. ಶೇ 30ರ ಮಾತಿಗೆ ಅಲ್ಲಿ ಜಾಗವೇ ಇಲ್ಲ.

ಹಾಗಿದ್ದರೆ ನಷ್ಟವಾಗುವುದು ಎಲ್ಲಿ? ಉರಿದ ಪೆಟ್ರೋಲಿನ ಶಕ್ತಿಯಲ್ಲಿ ಮೂರನೇ ಎರಡರಷ್ಟು ಭಾಗ ಬಿಸಿಯಾಗಿ ಸೈಲೆನ್ಸರ್ ಮತ್ತು ರೇಡಿಯೇಟರ್ ಮೂಲಕ ಹೊರಗೆ ಹೋಗುತ್ತದೆ. ಎಂಜಿನ್ ಮತ್ತು ಗೇರ್‌ಗಳೊಳಗಿನ ಘರ್ಷಣೆಯೂ ಒಂದಿಷ್ಟನ್ನು ನುಂಗುತ್ತದೆ. ಚಕ್ರದವರೆಗೆ ತಲುಪುವುದು ಸುಮಾರು ಕಾಲು ಭಾಗ, ಸಿಗ್ನಲ್‌ಗಳಲ್ಲಿ ನಿಂತು ನಿಂತು ಸಾಗುವ ಊರಿನಲ್ಲಿ ಅದಕ್ಕೂ ಕಡಿಮೆ. ಈ ನಷ್ಟ ಎಂಜಿನ್‌ನ ವಿನ್ಯಾಸಕ್ಕೂ ಭೌತಶಾಸ್ತ್ರದ ನಿಯಮಗಳಿಗೂ ಸಂಬಂಧಿಸಿದ್ದು. ಪೈಪಿನ ಮೇಲೆ ಏನನ್ನೋ ಕಟ್ಟಿ ಅದನ್ನು ತಪ್ಪಿಸಲು ಆಗುವುದಿಲ್ಲ.

ಇನ್ನೊಂದು ವಿಷಯವಿದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ನಿಯಮ ಜಾರಿಗೆ ಬಂದ ಮೇಲೆ ನಮ್ಮ ಬಹುಪಾಲು ಬೈಕು, ಸ್ಕೂಟರ್‌ಗಳಲ್ಲೂ ಕಾರ್ಬ್ಯುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂದಿದೆ. ಹೊಗೆಯಲ್ಲಿ ಉಳಿದಿರುವ ಆಮ್ಲಜನಕವನ್ನು ಒಂದು ಸೆನ್ಸರ್ ಅಳೆಯುತ್ತಿರುತ್ತದೆ. ಅದಕ್ಕೆ ತಕ್ಕಂತೆ ಗಾಡಿಯೊಳಗಿನ ಕಂಪ್ಯೂಟರ್ ಪೆಟ್ರೋಲ್ ಪ್ರಮಾಣವನ್ನು ಕ್ಷಣಕ್ಷಣಕ್ಕೂ ಸರಿಪಡಿಸುತ್ತದೆ. ಹೊರಗಿನಿಂದ ಏನಾದರೂ ಸೇರಿಸಿ ಈ ಲೆಕ್ಕ ತಪ್ಪಿಸಿದರೆ, ಅದು ಮತ್ತೆ ತನ್ನ ಲೆಕ್ಕಕ್ಕೇ ತಂದು ನಿಲ್ಲಿಸುತ್ತದೆ.

ಒಂದೊಂದಾಗಿ ನೋಡೋಣ

ಆಯಸ್ಕಾಂತ: ಪೆಟ್ರೋಲಿನ ಅಣುಗಳು ಗುಂಪುಗುಂಪಾಗಿರುತ್ತವೆ, ಆಯಸ್ಕಾಂತ ಅವನ್ನು ಬಿಡಿಸಿ ಸಾಲಾಗಿ ನಿಲ್ಲಿಸುತ್ತದೆ ಎನ್ನುತ್ತಾರೆ. ಪೆಟ್ರೋಲಿನಲ್ಲಿರುವ ಹೈಡ್ರೋಕಾರ್ಬನ್‌ಗಳ ಮೇಲೆ ಆಯಸ್ಕಾಂತದ ಪ್ರಭಾವ ತೀರಾ ದುರ್ಬಲ. ಆಸ್ಪತ್ರೆಯ ಎಂಆರ್‌ಐ ಯಂತ್ರದ ಆಯಸ್ಕಾಂತ ಇದಕ್ಕಿಂತ ಎಷ್ಟೋ ಪಟ್ಟು ಪ್ರಬಲ. ಅದರೊಳಗೆ ಮಲಗಿ ಎದ್ದ ಮೇಲೂ ನಮ್ಮ ಮೈಯೊಳಗಿನ ನೀರು, ಕೊಬ್ಬು ಮೊದಲಿನಂತೆಯೇ ಇರುತ್ತವೆ. ಅಲ್ಲದೆ ಪೆಟ್ರೋಲ್ ಸಿಲಿಂಡರ್ ಸೇರುವ ಮುನ್ನ ಇಂಜೆಕ್ಟರ್‌ನಲ್ಲಿ ಸಣ್ಣ ಹನಿಗಳಾಗಿ ಸಿಡಿದು ಆವಿಯಾಗುತ್ತದೆ. ಪೈಪಿನಲ್ಲಿ ಸಾಲು ನಿಲ್ಲಿಸಿದ್ದರೂ ಅಲ್ಲಿ ಉಳಿಯುವುದಿಲ್ಲ.

ಗಾಳಿ ಸುಳಿಸುವ ಫ್ಯಾನ್: ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯಲ್ಲಿ ಕೂರಿಸುವ ಈ ಲೋಹದ ರೆಕ್ಕೆಗಳು ಗಾಳಿಯನ್ನು ಸುಳಿಯಂತೆ ತಿರುಗಿಸುತ್ತವಂತೆ. ಎಷ್ಟು ಸುಳಿ ಬೇಕು ಎಂದು ಲೆಕ್ಕ ಹಾಕಿಯೇ ಕಂಪನಿಯವರು ಎಂಜಿನ್‌ನ ಗಾಳಿದಾರಿಯನ್ನು ರೂಪಿಸಿರುತ್ತಾರೆ. ದಾರಿಯಲ್ಲಿ ಅಡ್ಡ ಕೂತ ರೆಕ್ಕೆ ಗಾಳಿಗೆ ತಡೆಯಾಗುತ್ತದೆ, ಅಷ್ಟೇ.

ಸಾಕೆಟ್‌ಗೆ ಸಿಕ್ಕಿಸುವ ಡಬ್ಬಿ: ಸಿಗರೇಟ್ ಲೈಟರ್ ಸಾಕೆಟ್‌ಗೆ ಹಾಕುವ ಒಂದು ಬಗೆ, ಸ್ಟಿಯರಿಂಗ್ ಕೆಳಗಿನ ಒಬಿಡಿ ಪೋರ್ಟ್‌ಗೆ ಹಾಕುವ ಇನ್ನೊಂದು ಬಗೆ. ಎರಡನೆಯದು ಕಾರಿನ ಕಂಪ್ಯೂಟರಿಗೆ ನಿಮ್ಮ ಚಾಲನೆಯ ಶೈಲಿಯನ್ನು ಕಲಿಸುತ್ತದೆ ಎಂದು ಹೇಳಲಾಗುತ್ತದೆ. ತಂತ್ರಜ್ಞರು ಇಂತಹ ಡಬ್ಬಿಗಳನ್ನು ಬಿಚ್ಚಿ ನೋಡಿದಾಗ ಸಿಕ್ಕಿದ್ದು ಮಿನುಗುವ ಎಲ್‌ಇಡಿಗಳು ಮತ್ತು ಅವನ್ನು ಮಿನುಗಿಸುವ ಸಣ್ಣ ಚಿಪ್. ಕಾರಿನ ಕಂಪ್ಯೂಟರ್ ಜೊತೆ ಮಾತನಾಡಲು ಬೇಕಾದ ಭಾಗವೇ ಅವುಗಳಲ್ಲಿ ಇರಲಿಲ್ಲ.

ನೀರಿನ ಕಿಟ್: ಇದು ಕೇಳಲು ಬಹಳ ವೈಜ್ಞಾನಿಕವಾಗಿದೆ. ಬ್ಯಾಟರಿಯ ಕರೆಂಟಿನಿಂದ ನೀರನ್ನು ಒಡೆದು ಹೈಡ್ರೋಜನ್ ತೆಗೆಯುವುದು, ಅದನ್ನು ಎಂಜಿನ್‌ಗೆ ಕೊಡುವುದು. ಹೈಡ್ರೋಜನ್ ಉರಿಯುತ್ತದೆ ಎನ್ನುವುದೂ ಸತ್ಯ. ಆದರೆ ಬ್ಯಾಟರಿಗೆ ಕರೆಂಟು ಬರುವುದು ಎಂಜಿನ್ ತಿರುಗಿಸುವ ಆಲ್ಟರ್ನೇಟರ್‌ನಿಂದ, ಎಂದರೆ ಅದೇ ಪೆಟ್ರೋಲಿನಿಂದ. ಲೆಕ್ಕ ಹಾಕಿ ನೋಡಿ. 100 ರೂಪಾಯಿಯ ಪೆಟ್ರೋಲ್ ಉರಿದರೆ ಸುಮಾರು 25 ರೂಪಾಯಿಯಷ್ಟು ಶಕ್ತಿ ಎಂಜಿನ್‌ನಿಂದ ಸಿಗುತ್ತದೆ. ಆಲ್ಟರ್ನೇಟರ್ ಅದನ್ನು ಕರೆಂಟಾಗಿಸುವಾಗ 15 ರೂಪಾಯಿ ಉಳಿಯುತ್ತದೆ. ನೀರು ಒಡೆದು ಹೈಡ್ರೋಜನ್ ಆಗುವಾಗ 10 ರೂಪಾಯಿ. ಅದು ಮತ್ತೆ ಎಂಜಿನ್‌ನಲ್ಲಿ ಉರಿದಾಗ ಕೈಗೆ ಬರುವುದು ಎರಡೂವರೆ ರೂಪಾಯಿ. 25 ಕೊಟ್ಟು ಎರಡೂವರೆ ಪಡೆಯುವ ಈ ವ್ಯಾಪಾರದಲ್ಲಿ ಉಳಿತಾಯ ಎಲ್ಲಿಂದ ಬರಬೇಕು? ಅಮೆರಿಕದಲ್ಲಿ ಇಂತಹದೇ ‘ಹೈಡ್ರೋ ಅಸಿಸ್ಟ್ ಫ್ಯುಯೆಲ್ ಸೆಲ್’ ಎಂಬ ಸಾಧನದ ಪ್ರಚಾರವನ್ನು ತಡೆಯಲು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2009ರಲ್ಲಿ ನ್ಯಾಯಾಲಯದ ಮೊರೆ ಹೋಗಿತ್ತು.

ಮಾತ್ರೆ, ದ್ರವ ಮತ್ತು ಪ್ರೀಮಿಯಂ ಪೆಟ್ರೋಲ್: ಕೊಳೆ ಕಟ್ಟಿದ ಇಂಜೆಕ್ಟರ್ ಇದ್ದರೆ ಒಳ್ಳೆಯ ಕ್ಲೀನರ್‌ನಿಂದ ಅದು ಮೊದಲಿನ ಸ್ಥಿತಿಗೆ ಬರಬಹುದು. ಸ್ವಚ್ಛವಾಗಿರುವ ಎಂಜಿನ್‌ಗೆ ಅದರಿಂದ ಲಾಭವಿಲ್ಲ. ಇನ್ನು 95 ಅಥವಾ 100 ಆಕ್ಟೇನ್ ಪೆಟ್ರೋಲಿನ ವಿಚಾರ. ಆಕ್ಟೇನ್ ಸಂಖ್ಯೆ ಹೇಳುವುದು ಪೆಟ್ರೋಲಿನ ಶಕ್ತಿಯನ್ನಲ್ಲ, ಒತ್ತಡದಲ್ಲಿ ಅದು ಅಕಾಲದಲ್ಲಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಗುಣವನ್ನು. ನಿಮ್ಮ ಗಾಡಿಯ ಕೈಪಿಡಿಯಲ್ಲಿ 91 ಸಾಕು ಎಂದಿದ್ದರೆ ಹೆಚ್ಚಿಗೆ ಕೊಟ್ಟ ದುಡ್ಡು ಮೈಲೇಜ್ ರೂಪದಲ್ಲಿ ವಾಪಸ್ ಬರುವ ನಿರೀಕ್ಷೆ ಬೇಡ.

‘ನನಗೆ ಕೆಲಸ ಮಾಡಿದೆ’ ಎನ್ನುವವರು?

ಅವರೆಲ್ಲ ಸುಳ್ಳು ಹೇಳುತ್ತಿದ್ದಾರೆ ಎಂದಲ್ಲ. ಮೈಲೇಜ್ ಅಳೆಯುವುದು ನಾವಂದುಕೊಂಡಷ್ಟು ಸುಲಭವಲ್ಲ. ಬೈಕಿಗೆ ಎರಡು ಲೀಟರ್ ಹಾಕಿಸಿ ಅಳೆಯುವಾಗ ಟ್ಯಾಂಕಿನ ಮಟ್ಟದಲ್ಲಿ 100 ಮಿಲಿಲೀಟರ್ ಹೆಚ್ಚುಕಡಿಮೆಯಾದರೆ ಅಲ್ಲೇ ಶೇ 5ರ ವ್ಯತ್ಯಾಸ ಬರುತ್ತದೆ. ಹೋದ ದಾರಿ, ಟ್ರಾಫಿಕ್, ಮಳೆ, ಎಸಿ ಬಳಕೆ ಎಲ್ಲವೂ ಲೆಕ್ಕವನ್ನು ಏರುಪೇರು ಮಾಡುತ್ತವೆ. ಸಾಧನ ಕೂರಿಸುವ ದಿನವೇ ಮೆಕ್ಯಾನಿಕ್ ಸರ್ವಿಸ್ ಮಾಡಿ, ಚಕ್ರಕ್ಕೆ ಗಾಳಿ ಹಾಕಿ ಕಳಿಸಿದರೆ ಅದರ ಫಲವೂ ಸಾಧನದ ಖಾತೆಗೇ ಜಮೆ. ಎಲ್ಲಕ್ಕಿಂತ ಮುಖ್ಯವಾಗಿ, ದುಡ್ಡು ಕೊಟ್ಟು ಸಾಧನ ಹಾಕಿಸಿದವರು ಮೈಲೇಜ್ ಮೇಲೆ ಕಣ್ಣಿಟ್ಟು ತಮಗೇ ತಿಳಿಯದಂತೆ ಮೆಲ್ಲಗೆ ಓಡಿಸತೊಡಗುತ್ತಾರೆ. ಉಳಿತಾಯ ನಿಜವೇ ಇರಬಹುದು, ಉಳಿಸಿದ್ದು ಮಾತ್ರ ಅವರ ಕಾಲು.

ಪ್ರಯೋಗಾಲಯದಲ್ಲಿ ಈ ಗೊಂದಲವಿಲ್ಲ. ಗಾಡಿಯನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ವೇಗದ ಕ್ರಮದಲ್ಲೇ ಓಡಿಸಿ, ಸಾಧನ ಇದ್ದಾಗಿನ ಮತ್ತು ಇಲ್ಲದಾಗಿನ ಬಳಕೆಯನ್ನು ಹೋಲಿಸುತ್ತಾರೆ. ಅಲ್ಲಿ ಬಹುತೇಕ ಸಾಧನಗಳ ಬಣ್ಣ ಬಯಲಾಗುತ್ತದೆ.

ಇ20 ಬಂದ ಮೇಲೆ ಮೈಲೇಜ್ ಇಳಿದಿದೆಯಲ್ಲ?

ಈ ದೂರಿನಲ್ಲಿ ಹುರುಳಿದೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿನಲ್ಲಿ, ಶುದ್ಧ ಪೆಟ್ರೋಲಿಗೆ ಹೋಲಿಸಿದರೆ, ಲೀಟರಿಗೆ ಶೇ 6ರಿಂದ 7ರಷ್ಟು ಶಕ್ತಿ ಕಡಿಮೆ ಇರುತ್ತದೆ. ಹೊಸ ಇಂಧನಕ್ಕೆ ಹೊಂದಿಸಿದ ಎಂಜಿನ್‌ಗಳು ಇದರಲ್ಲಿ ಒಂದಿಷ್ಟನ್ನು ಸರಿದೂಗಿಸಬಲ್ಲವು, ಹಳೆಯ ಗಾಡಿಗಳಲ್ಲಿ ಇಳಿಕೆ ಹೆಚ್ಚು. ‘ಇ20 ಕೊರತೆ ನೀಗಿಸುವ’ ಸಾಧನ ಎಂದು ಯಾರಾದರೂ ಮಾರಿದರೆ ನೆನಪಿಡಿ: ಇಂಧನದಲ್ಲೇ ಇಲ್ಲದ ಶಕ್ತಿಯನ್ನು ಯಾವ ಡಬ್ಬಿಯೂ ತುಂಬಿಕೊಡಲಾರದು.

ಹಾಗಿದ್ದರೆ ಇಂಧನ ಉಳಿಸುವುದು ಹೇಗೆ?

• ಏಕಾಏಕಿ ವೇಗ ಹೆಚ್ಚಿಸುವುದು, ಗಕ್ಕನೆ ಬ್ರೇಕ್ ಹಾಕುವುದು ಬಿಡಿ. ಪ್ರತಿ ಬ್ರೇಕ್‌ನಲ್ಲೂ ದುಡ್ಡು ಕೊಟ್ಟು ಗಳಿಸಿದ ವೇಗ ಬಿಸಿಯಾಗಿ ಕಳೆದುಹೋಗುತ್ತದೆ. ಒರಟು ಚಾಲನೆಯಿಂದ ಹೆದ್ದಾರಿಯಲ್ಲಿ ಮೈಲೇಜ್ ಶೇ 15ರಿಂದ 30ರಷ್ಟು ಇಳಿಯಬಹುದು ಎನ್ನುವುದು ಅಮೆರಿಕದ ಇಂಧನ ಇಲಾಖೆಯ ಅಂದಾಜು.
• ಹೆದ್ದಾರಿಯಲ್ಲಿ ವೇಗ ತಗ್ಗಿಸಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಲ್ಲಿ ಇದ್ದುದಕ್ಕಿಂತ 120ರಲ್ಲಿ ಅದು ನಾಲ್ಕು ಪಟ್ಟು.
• ಟೈರಿನ ಗಾಳಿಯನ್ನು ಎರಡು ವಾರಕ್ಕೊಮ್ಮೆ ನೋಡಿಸಿ. ಗಾಳಿ ಕಡಿಮೆಯಾದ ಟೈರು ಇಂಧನವನ್ನೂ ತಿನ್ನುತ್ತದೆ, ಬೇಗ ಸವೆಯುತ್ತದೆ.
• ದೊಡ್ಡ ಸಿಗ್ನಲ್‌ಗಳಲ್ಲಿ ಎಂಜಿನ್ ಆಫ್ ಮಾಡಿ. ಮತ್ತೆ ಸ್ಟಾರ್ಟ್ ಮಾಡಲು ಬೇಕಾಗುವುದು ಸುಮಾರು 10 ಸೆಕೆಂಡು ನಿಂತಲ್ಲೇ ಉರಿಯುವಷ್ಟು ಇಂಧನ.
• ಕೈಪಿಡಿ ಹೇಳಿದ ಗ್ರೇಡಿನ ಎಂಜಿನ್ ಆಯಿಲ್ ಹಾಕಿಸಿ. ಬೇಡದ ಭಾರವನ್ನು, ಕಾರಿನ ಮೇಲಿನ ಖಾಲಿ ಕ್ಯಾರಿಯರನ್ನು ಇಳಿಸಿ.
• ಏರ್ ಫಿಲ್ಟರ್ ಬದಲಿಸಿದರೆ ಮೈಲೇಜ್ ಏರುತ್ತದೆ ಎನ್ನುವುದು ಕಾರ್ಬ್ಯುರೇಟರ್ ಕಾಲದ ಮಾತು. ಇಂಜೆಕ್ಷನ್ ಇರುವ ಕಾರುಗಳಲ್ಲಿ ಕೊಳೆ ಫಿಲ್ಟರ್‌ನಿಂದ ಎಳೆತ ಕಡಿಮೆಯಾಗುತ್ತದೆಯೇ ಹೊರತು ಮೈಲೇಜ್ ಅಷ್ಟಾಗಿ ಬದಲಾಗುವುದಿಲ್ಲ ಎಂದು ಅಮೆರಿಕದ ಓಕ್ ರಿಡ್ಜ್ ಪ್ರಯೋಗಾಲಯ ತೋರಿಸಿದೆ. ಎಂಜಿನ್‌ನ ಆರೋಗ್ಯಕ್ಕಾಗಿ ಬದಲಿಸಿ.

ಕೊಳ್ಳುವ ಮುನ್ನ

ಒಂದು ಸರಳ ಪ್ರಶ್ನೆ ಕೇಳಿಕೊಳ್ಳಿ. ನಮ್ಮ ದೇಶದಲ್ಲಿ ಕಾರು ಕಂಪನಿಗಳು ತಾವು ಮಾರುವ ಕಾರುಗಳ ಸರಾಸರಿ ಇಂಧನ ಬಳಕೆಯನ್ನು ಸರ್ಕಾರ ನಿಗದಿಪಡಿಸಿದ ಮಿತಿಯೊಳಗೆ ಇಡಬೇಕು, ತಪ್ಪಿದರೆ ದಂಡವಿದೆ. ಶೇ 1ರ ಉಳಿತಾಯಕ್ಕೂ ಅವು ವರ್ಷಗಟ್ಟಲೆ ದುಡಿಯುತ್ತವೆ. 1,500 ರೂಪಾಯಿಯ ಡಬ್ಬಿಯಿಂದ ಶೇ 30 ಉಳಿಯುವುದಾಗಿದ್ದರೆ ಕಾರ್ಖಾನೆಯಲ್ಲೇ ಅದನ್ನು ಕೂರಿಸುತ್ತಿರಲಿಲ್ಲವೇ?

ದಿನಕ್ಕೆ 40 ಕಿಲೋಮೀಟರ್ ಓಡುವ, ಲೀಟರಿಗೆ 50 ಕೊಡುವ ಬೈಕಿಗೆ ತಿಂಗಳಿಗೆ ಸುಮಾರು 2,400 ರೂಪಾಯಿ ಪೆಟ್ರೋಲ್ ಬೇಕು. ಆ ಡಬ್ಬಿ ಶೇ 5 ಉಳಿಸಿದರೂ ಅದರ ಬೆಲೆ ಹುಟ್ಟಲು ಒಂದು ವರ್ಷ ದಾಟುತ್ತದೆ. ಉಳಿಸದಿದ್ದರೆ ಪೂರ್ತಿ ನಷ್ಟ. ವೈರಿಂಗ್ ಕತ್ತರಿಸಿ ಕೂರಿಸಿದ ಸಾಧನದಿಂದ ವಾರಂಟಿ ಕೈತಪ್ಪಬಹುದು, ಶಾರ್ಟ್ ಸರ್ಕ್ಯೂಟ್ ಆಗಬಹುದು. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳ ಮಾತು ಬೇರೆ. ಅಲ್ಲಿ ಇಂಧನವೇ ಬದಲಾಗುತ್ತದೆ, ಕಿಟ್‌ಗೆ ಮಾನ್ಯತೆ ಇರಬೇಕು ಮತ್ತು ಆರ್‌ಸಿಯಲ್ಲಿ ನಮೂದಾಗಬೇಕು.

ಈಗಾಗಲೇ ಕೊಂಡು ಮೋಸಹೋಗಿದ್ದರೆ ರಸೀದಿ ಮತ್ತು ಜಾಹೀರಾತಿನ ಪ್ರತಿ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.